ಕಾಗೆ ಮುಟ್ಟುವ ತನಕ

ಬಹಳ ಬಹಳ ಹಿಂದೆ ಸತ್ತವರಿಗೆ ಹಸಿವಿತ್ತು, ಬಾಯಿರಲಿಲ್ಲ. ಆಗ ದೇವರು ಹಕ್ಕಿಗಳನ್ನೆಲ್ಲ ಕರೆದು ಕೆಲಸ ಹಂಚಲು ಕೂತ. ನವಿಲು ಕುಣಿತ ಕೇಳಿತು, ಗಿಳಿ ಮಾತು ಕೇಳಿತು, ಕೋಗಿಲೆ ಹಾಡು ಕೇಳಿತು. ಕಾಗೆ ಮಾತ್ರ ತಡವಾಗಿ ಬಂತು. ದಾರಿಯಲ್ಲಿ ಸತ್ತುಬಿದ್ದಿದ್ದ ಹೆಗ್ಗಣವನ್ನು ಬಿಟ್ಟುಬರಲು ಅದಕ್ಕೆ ಮನಸ್ಸಾಗಿರಲಿಲ್ಲ. ಅಷ್ಟು ಹೊತ್ತಿಗೆ ಉಳಿದಿದ್ದದ್ದು ಒಂದೇ ಕೆಲಸ, ಬಾಯಿಲ್ಲದವರ ಪರವಾಗಿ ಉಣ್ಣುವುದು. ‘ಕೂಲಿ ಏನು?’ ಎಂದಿತು ಕಾಗೆ. ‘ಮನುಷ್ಯರು ತಾವು ಉಣ್ಣುವ ಮೊದಲು ನಿನ್ನನ್ನು ಕರೆಯುತ್ತಾರೆ’ ಎಂದ ದೇವರು. ಕಾಗೆ ಕತ್ತು ಓರೆ ಮಾಡಿ ಯೋಚಿಸಿತು. ‘ಆಗಲಿ. ಆದರೆ ಕರೆದ ಕೂಡಲೇ ಬರುವ ಜಾತಿ ನಂದಲ್ಲ, ಮನಸ್ಸು ಬಂದರೆ ಬರುತ್ತೇನೆ. ಕಟ್ಟಿಹಾಕಿ ಉಣ್ಣಿಸಿದರೆ ಅನ್ನ ನನ್ನ ಗಂಟಲಲ್ಲೇ ಉಳಿಯುತ್ತದೆ, ಅವರಿಗೆ ಮುಟ್ಟುವುದಿಲ್ಲ.’ ದೇವರು ಒಪ್ಪಿದ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ, ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತು, ನನ್ನಜ್ಜಿ ಬನಶಂಕರಮ್ಮ ಈ ಕಥೆ ಹೇಳುತ್ತಿದ್ದಳು. ಪ್ರತಿ ಸಲವೂ ಕೊನೆಗೆ ನನ್ನದೊಂದು ಪ್ರಶ್ನೆ ಇರುತ್ತಿತ್ತು.

“ಕಾಗೆಗಳೇ ಇಲ್ದೆ ಹೋದ್ರೆ ಅಜ್ಜಿ?”

“ಕಾಗೆ ಇಲ್ದೆ ಹೋಯ್ತದಾ? ಸೂರ್ಯ ಇಲ್ದೆ ಹೋದ್ರೆ ಅಂತ ಕೇಳು ಬೇಕಾದ್ರೆ. ಮಲಿಕ್ಕೊ ಸುಮ್ನೆ.”

ನಾನು ಡಿಗ್ರಿ ಓದುತ್ತಿದ್ದಾಗ ಕಾಗೆಗಳು ಇಲ್ಲದೆ ಹೋದವು. ಜನ ಅದಕ್ಕೆ ಕರಿಜ್ವರ ಎಂದು ಹೆಸರಿಟ್ಟರು. ಕೋಳಿ ಫಾರಂಗಳ ಕಸದಲ್ಲಿ ಹುಟ್ಟಿದ ವೈರಸ್ಸು ಅದು. ಕೋಳಿಗೆ ಏನೂ ಮಾಡುತ್ತಿರಲಿಲ್ಲ, ಆ ಕಸ ಕೆದಕಿದ ಕಾಗೆಯ ನರಗಳನ್ನು ಸುಟ್ಟುಬಿಡುತ್ತಿತ್ತು. ಮರದ ಕೆಳಗೆ ಒದ್ದೆ ಬಟ್ಟೆ ಬಿದ್ದ ಸದ್ದಿನಲ್ಲಿ ಅವು ಬೀಳುತ್ತಿದ್ದವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಂತಿಯ ಮೇಲೆ, ಸಂತೆಯಲ್ಲಿ, ಮಾರಿಗುಡಿಯ ಹಿಂದೆ, ಎಲ್ಲೂ ಒಂದು ಕಾಗೆಯಿಲ್ಲ. ಮುಂದಿನ ಯುಗಾದಿಗೆ ಕೋಗಿಲೆಯೂ ಕೂಗಲಿಲ್ಲ. ಅದರ ಮೊಟ್ಟೆಗೆ ಗೂಡು ಕೊಡುವವರೇ ಹೋಗಿದ್ದರಲ್ಲ. ಬೇವು ಬೆಲ್ಲ ಬಾಯಿಗಿಟ್ಟುಕೊಂಡು ಊರೆಲ್ಲ ಕಿವಿ ನಿಮಿರಿಸಿ ನಿಂತಿದ್ದದ್ದು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಆ ವರ್ಷವೇ ಅಪ್ಪ ಹೋದ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು, ಹೆಸರು ರಾಮಲಿಂಗು. ಪಾಠ ಮುಗಿಸಿ ಸ್ಟಾಫ್ ರೂಮಿನಲ್ಲಿ ಕೂತವನು ಏಳಲಿಲ್ಲ.

ಅಪ್ಪನಿಗೂ ಅಜ್ಜಿಗೂ ಜೀವನವಿಡೀ ಒಂದೇ ಜಗಳ. “ಸತ್ ಮೇಲೆ ಏನೂ ಇಲ್ಲ ಕನವ್ವ. ದೀಪ ಆರಿದ್ರೆ ಉರಿ ಯಾವೂರಿಗೆ ಹೋಯ್ತು ಅಂತ ಕೇಳ್ತೀಯಾ? ನಾನಂತೂ ಕಾಗೆ ಆಗಿ ಬಂದು ನಿನ್ ವಡೆ ತಿನ್ನಲ್ಲ” ಎನ್ನುತ್ತಿದ್ದ. “ಮೊದ್ಲು ನಾನು ಸಾಯ್ತೀನಿ ಕನ್ಲಾ, ಆಗ ನೋಡ್ಕೊ. ನಿನ್ ತಲೆ ಮೇಲೆ ಕುಕ್ಕಿ ಹೋಯ್ತೀನಿ” ಎಂದು ಅಜ್ಜಿ ನಗುತ್ತಿದ್ದಳು. ಸರದಿ ತಪ್ಪಿಹೋಯಿತು.

ತಿಥಿಯ ದಿನ ಹೊಳೆದಂಡೆಯಲ್ಲಿ ಎಡೆ ಇಟ್ಟೆವು. ಕಾಗೆ ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ಲೆಕ್ಕ. ಆಗ ಒಬ್ಬೊಬ್ಬರೇ ಮುಂದೆ ಬಂದು, ಮಗಳ ಮದುವೆ ಮಾಡುತ್ತೇವೆ, ತಮ್ಮನ ಕೈಬಿಡುವುದಿಲ್ಲ ಎಂದು ಮಾತು ಕೊಡುತ್ತಾರೆ. ಸರಿಯಾದ ಮಾತು ಬಿದ್ದ ಕೂಡಲೇ ಕಾಗೆ ಇಳಿಯುತ್ತದೆ. ಆದರೆ ಆ ದಂಡೆಯಲ್ಲಿ ಆಗಲೇ ಬಾಡಿಗೆ ಕಾಗೆಗಳು ಬಂದಿದ್ದವು. ಪ್ಲಾಸ್ಟಿಕ್ಕಿನ ರೆಕ್ಕೆ, ಹೊಟ್ಟೆಯಲ್ಲಿ ಬ್ಯಾಟರಿ. ಕ್ರಿಯೆ ಮಾಡಿಸುವವರು ಪಂಚೆಯ ಮಡಿಕೆಯಲ್ಲಿ ರಿಮೋಟ್ ಇಟ್ಟುಕೊಂಡು, ಜನ ಅತ್ತು ಮುಗಿಸಿದ ಮೇಲೆ ಗುಂಡಿ ಒತ್ತುತ್ತಿದ್ದರು. ಪಕ್ಕದ ಎಡೆಯ ಮೇಲೆ ಅಂಥದ್ದೊಂದು ಕುಕ್ಕಿ, ಆ ಮನೆಯವರು ಕೈಮುಗಿದು ಊಟಕ್ಕೆ ಹೊರಟೂ ಆಯಿತು.

“ನಿಮಗೂ ಒಂದ್ ತರಿಸ್ಲಾ ಅಜ್ಜಮ್ಮ?” ಎಂದರು ನಮ್ಮ ಕ್ರಿಯೆ ಮಾಡಿಸುತ್ತಿದ್ದವರು.

“ಬ್ಯಾಡ ಸ್ವಾಮಿ. ಬ್ಯಾಟ್ರಿಗೆ ನನ್ ಮಗನ ಹಸಿವು ಗೊತ್ತಾಯ್ತದಾ?”

ಬಿಸಿಲು ಇಳಿಯುವ ತನಕ ಅಜ್ಜಿ ಆಕಾಶ ನೋಡುತ್ತ ಕೂತಳು. ತನಗೆ ತೋಚಿದ ಮಾತೆಲ್ಲ ಕೊಟ್ಟಳು. ಇರುವೆ ಬಂದವು, ನಾಯಿ ಬಂತು. ಕೊನೆಗೆ ಎದ್ದು ಸೆರಗು ಕೊಡವಿದಳು.

“ಬರಲ್ಲ ಅಂದಿದ್ದ. ಆಡಿದ್ ಮಾತು ನಡ್ಸಬುಟ್ಟ” ಎಂದಳು. ಆವತ್ತಿನಿಂದ ಅವಳು ಅನ್ನ ಬಿಟ್ಟಳು. ಹೊತ್ತಿಗೊಂದು ರಾಗಿ ಮುದ್ದೆ, ಅಷ್ಟೇ. ಹಬ್ಬವಿರಲಿ, ಕಾಯಿಲೆಯಿರಲಿ, ಒಂದು ಅಗುಳನ್ನೂ ಬಾಯಿಗಿಡಲಿಲ್ಲ.

“ನಾನು ತರ್ತೀನಿ ಅಜ್ಜಿ ಕಾಗೆನ” ಎಂದೆ ನಾನು. ಅಳುತ್ತಿದ್ದೆ, ಹಾಗಾಗಿ ಯೋಚಿಸಲಿಲ್ಲ.

“ತರಕಾರಿ ಅಂದ್ಕೊಂಡಿದ್ದೀಯಾ?” ಎಂದಳು ಅವ್ವ. ನನ್ನವ್ವ ಸುಗುಣ ರೇಷ್ಮೆ ನೂಲು ಸುತ್ತುವವಳು. ಎಳೆ ಹರಿದರೆ ಗಂಟುಹಾಕಿ ಮುಂದೆ ಹೋಗಬೇಕು ಎನ್ನುವವಳು. ಆದರೆ ಅಜ್ಜಿ ನನ್ನ ಗಲ್ಲ ಹಿಡಿದು, “ಮಾತು ಕೊಟ್ಟಿದ್ದೀಯೆ. ನಾನು ಕಾದಿರ್ತೀನಿ” ಎಂದಳು.

*

ಊರಾಚೆ ಗುಡ್ಡದ ಬುಡದಲ್ಲಿ ಕಾಗೆಗಳನ್ನು ಮರಳಿ ತರುವ ಕೇಂದ್ರ ಶುರುವಾದಾಗ ನಾನು ಎಂ.ಎಸ್ಸಿ. ಮುಗಿಸಿದ್ದೆ. ಕೆಲಸ ಸಿಕ್ಕಿತು. ಅಜ್ಜಿ ಇಡೀ ಬೀದಿಗೆ ಸಕ್ಕರೆ ಹಂಚಿದಳು.

ಕೇಂದ್ರದ ಮುಖ್ಯಸ್ಥೆ ಡಾ. ಗ್ಲಾಡಿಸ್ ಸಲ್ಡಾನ್ಹಾ ಮಂಗಳೂರಿನ ಕಡೆಯವರು. ಮಂಡಿನೋವಿನ ದೊಡ್ಡ ದೇಹ, ಅದಕ್ಕಿಂತ ದೊಡ್ಡ ನಗು. ಅವರ ವಿಧಾನ ಸರಳವಾಗಿ ಹೇಳುವುದಾದರೆ ಹೀಗೆ. ಎಂದೋ ಹಿಮದಲ್ಲಿಟ್ಟಿದ್ದ ಕಾಗೆಯ ಬೀಜಕೋಶಗಳನ್ನು ಮೊಟ್ಟೆಯೊಳಗಿನ ಕೋಳಿ ಭ್ರೂಣಕ್ಕೆ ಸೇರಿಸುವುದು. ಆ ಭ್ರೂಣ ಬೆಳೆದು ನೋಡಲು ಕೋಳಿಯೇ ಆಗುತ್ತದೆ, ಆದರೆ ಅದರ ಹೊಟ್ಟೆಯಲ್ಲಿ ತಯಾರಾಗುವುದು ಕಾಗೆಯ ಸಂತಾನ. ವೈರಸ್ಸು ಕೋಳಿಗೆ ತಟ್ಟದಂತೆ ಕಾಯುವ ಗುಣವನ್ನೂ ಆ ಕೋಶಗಳಲ್ಲಿ ಕೂರಿಸಿದ್ದರು.

“ಕೋಗಿಲೆ ಕಾಗೆ ಗೂಡಲ್ಲಿ ಇಕ್ಕೋದು ಕಂಡಿದ್ದೆ. ಕಾಗೆ ಕೋಳಿ ಹೊಟ್ಟೇಲಿ ಬಾಡಿಗೆಗಿದ್ದದ್ದು ಕಾಣೆ!” ಎಂದು ಅಜ್ಜಿ ಬಿದ್ದು ಬಿದ್ದು ನಕ್ಕಿದ್ದಳು.

ಮರಿಗಳು ಹುಟ್ಟಿದವು. ಪರದೆಯ ಕಿಂಡಿಯಲ್ಲಿ, ಕಾಗೆಯ ತಲೆಯಂತೆ ಹೊಲಿದ ಕರಿ ಗ್ಲೌಸು ತೊಟ್ಟ ಕೈ ತೂರಿಸಿ ನಾನು ಅವಕ್ಕೆ ಉಣಿಸುತ್ತಿದ್ದೆ. ಮನುಷ್ಯರ ಮುಖ ಕಂಡರೆ ನಮ್ಮನ್ನೇ ತಾಯಿ ಎಂದುಕೊಂಡುಬಿಡುತ್ತವೆ, ಅದಕ್ಕೆ. ಕೆಂಪು ಬಾಯಿ ತೆರೆದು ನನ್ನ ಬೆರಳನ್ನೇ ಕೊಕ್ಕೆಂದು ನಂಬಿ ನಡುಗುವ ಆ ಮರಿಗಳು! ನಾನು ಪರದೆಯ ಹಿಂದೆ ಕೂತು ಅಜ್ಜಿಯ ಕಥೆಗಳನ್ನೆಲ್ಲ ಬಾಯಿ ಬಿಡದೆ ಮನಸ್ಸಿನಲ್ಲೇ ಹೇಳುತ್ತಿದ್ದೆ. ಮಾತಾಡುವುದೂ ನಿಷೇಧವಾಗಿತ್ತು.

ಆಮೇಲೆ ಬಂದದ್ದು ಹೆದರಿಕೆಯ ಪಾಠ.

“ಇವು ಮನುಷ್ಯರ ಹತ್ತಿರ ಹೋಗಲೇ ಬಾರ್ದು ಮಾರಾಯ್ತಿ” ಎಂದರು ಗ್ಲಾಡಿಸ್ ಮೇಡಂ. “ಹೋದ್ರೆ ನಾಳೆಯೇ ಹಿಡಿದು ಕಾಲಿಗೆ ದಾರ ಕಟ್ಟಿ ಹೊಳೆ ದಂಡೆಯಲ್ಲಿ ಕೂರಿಸ್ತಾರೆ. ಒಂದೊಂದು ಶ್ರಾದ್ಧಕ್ಕೆ ಎಷ್ಟು ಕೇಳ್ಬಹುದು, ನೀನೇ ಹೇಳು. ಅದಕ್ಕೇ ಯಾರಾದ್ರೂ ಬಲೆ ಹಿಡಿದು ಒಳಗೆ ಹೋಗ್ಬೇಕು, ಹಿಡೀಬೇಕು, ತಲೆಕೆಳಗೆ ಮಾಡಿ ಅಲುಗಾಡಿಸ್ಬೇಕು. ನಾಲ್ಕೈದು ಜನ ಸರದಿಯಲ್ಲಿ ಮಾಡಿ. ಒಬ್ಬರೇ ಮಾಡ್ಬೇಡಿ, ಮುಖ ನೆನಪಿಟ್ಕೊಳ್ತವೆ.”

ಸರದಿ ಪಟ್ಟಿ ಗೋಡೆಗೆ ಅಂಟಿತು. ಆದರೆ ಮೊದಲ ದಿನವೇ ನನ್ನ ಸಹೋದ್ಯೋಗಿ, ಜೀವತಂತ್ರಜ್ಞಾನದಲ್ಲಿ ಚಿನ್ನದ ಪದಕ ಪಡೆದವನು, ನನ್ನನ್ನು ಮೂಲೆಗೆ ಕರೆದ. “ಚಂಪಕಾ, ನಂಗೆ ಮೊದಲೇ ಸಾಡೇಸಾತಿ. ಶನಿದೇವರ ವಾಹನ ಅದು. ತಲೆಕೆಳಗೆ ಹಿಡಿಯೋಕೆ ಕೈ ಬರಲ್ಲ. ನನ್ನ ಸರದಿ ನೀನು ಮಾಡ್ಬಿಡು, ಮೇಡಂಗೆ ಹೇಳ್ಬೇಡ.” ಆಮೇಲೆ ಇನ್ನೊಬ್ಬಳು ಬಂದಳು, ಅವಳಿಗೆ ಮದುವೆ ಗೊತ್ತಾಗಿತ್ತು. ಕಾವಲಿನವನಿಗೆ ಅಷ್ಟಮ ಶನಿಯಂತೆ. ಪಟ್ಟಿಯಲ್ಲಿ ಎಲ್ಲರ ಹೆಸರ ಮುಂದೆ ಸಹಿ ಬಿತ್ತು, ಬಲೆ ಹಿಡಿದು ಒಳಗೆ ಹೋದವಳು ಮಾತ್ರ ಪ್ರತಿ ಸಲವೂ ನಾನು. ಬೇಡ ಎನ್ನಬಹುದಿತ್ತು. ಆದರೆ ಅಷ್ಟು ಹತ್ತಿರದಿಂದ ಅವನ್ನು ಮುಟ್ಟಲು ಬೇರೆ ದಾರಿಯಿರಲಿಲ್ಲ. ಅಂಗೈಯಲ್ಲಿ ಆ ಬಿಸಿ ಎದೆ ಹೊಡೆದುಕೊಳ್ಳುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಪರದೆಯ ಆಚೆ ನಾನು ತಾಯಿ. ಈಚೆ ನಾನು ರಾಕ್ಷಸಿ. ಎರಡೂ ಒಬ್ಬಳೇ ಎಂದು ಅವಕ್ಕೆ ಯಾರು ಹೇಳಬೇಕು?

*

ಅಷ್ಟರಲ್ಲಿ ಅಜ್ಜಿಯ ಕಣ್ಣು ಹೋಗಲು ಶುರುವಾಗಿತ್ತು. ಕಣ್ಣಿನೊಳಗಿನ ಒತ್ತಡ ನರವನ್ನು ತಿನ್ನುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ನಾವು ಕಾಗೆಯನ್ನೇ ಹುಟ್ಟಿಸಿದ್ದೆವು, ಒಂದು ನರ ಹುಟ್ಟಿಸಲು ಯಾರಿಗೂ ಬರುತ್ತಿರಲಿಲ್ಲ. “ಕೊಳವೆ ಒಳಗಿಂದ ನೋಡ್ದಂಗೆ ಕಾಣ್ತದೆ ಕನವ್ವ. ಕೊಳವೆ ಸಣ್ಣಗಾಯ್ತಾ ಅದೆ. ಮುಚ್ಕೊಳೋದ್ರೊಳಗೆ ತೋರ್ಸು” ಎನ್ನುತ್ತಿದ್ದಳು, ಊಟಕ್ಕೆ ಕರೆದಷ್ಟೇ ಸಲೀಸಾಗಿ.

ಒಂದು ಭಾನುವಾರ ಗ್ಲಾಡಿಸ್ ಮೇಡಂ ಮನೆಗೆ ಬಂದರು. ನಾನು ಕೊಟ್ಟ ಮಾತಿನ ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು. ಅವ್ವ ಕಾಫಿ ಕೊಟ್ಟಳು. ಅಜ್ಜಿ ಮೇಡಂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಅಜ್ಜಿ, ಒಂದು ಕೇಳ್ತೇನೆ, ಬೇಜಾರು ಮಾಡ್ಬಾರ್ದು. ಆ ಕಾಗೆಯನ್ನು ಹುಟ್ಟಿಸಿದ್ದು ನಾವು. ಅದರೊಳಗೆ ನಿಮ್ಮ ಮಗ ಹೇಗೆ ಬರ್ತಾನೆ?”

“ಈ ಚಂಪಿನ ಹೆತ್ತವ್ಳು ನನ್ ಸೊಸೆ. ಇವಳ ಮುಖದ್ ಮೇಲೆ ನನ್ ಮಗನ ಮೂಗು ಹೆಂಗ್ ಬಂತು?”

“ಅದಕ್ಕೆ ನನ್ನ ಹತ್ರ ಉತ್ತರ ಉಂಟು. ವಂಶವಾಹಿ ಅಂತ.”

“ಹಂಗಾದ್ರೆ ನಾನ್ ಸೋತೆ, ಕಾಫಿ ಕುಡಿ” ಎಂದು ಅಜ್ಜಿ ನಕ್ಕಳು. ಆಮೇಲೆ ಕೇಳಿದಳು, “ನೀನೂ ನಿಮ್ಮೋರಿಗೆ ಏನಾರ ಮಾಡ್ತೀಯಾ?”

“ನನ್ನ ತಮ್ಮ ಕಡಲಿಗೆ ಹೋದವ ಬರ್ಲಿಲ್ಲ ಅಜ್ಜಿ. ಹೆಣವೂ ಸಿಗ್ಲಿಲ್ಲ. ನವೆಂಬರ್‌ನಲ್ಲಿ ಸತ್ತವರ ದಿನ ಇಗರ್ಜಿಯ ಹಿಂದೆ ಖಾಲಿ ಗುಂಡಿಯ ಮೇಲೆ ಮೇಣದಬತ್ತಿ ಹಚ್ಚಿ ಬರ್ತೇನೆ.”

“ಕಡಲಲ್ಲಿ ಇರೋನಿಗೆ ಕಾಣ್ತದಾ ಅದು?”

“ಗೊತ್ತಿಲ್ಲ.” ಮೇಡಂ ಲೋಟ ತಿರುಗಿಸುತ್ತ ಕೂತರು. “ವಿಜ್ಞಾನಿಯಾಗಿ ಕೇಳಿದ್ರೆ ಕಾಣ್ಲಿಕ್ಕಿಲ್ಲ. ಆದ್ರೂ ಗಾಳಿ ಬಂದ್ರೆ ಕೈ ಅಡ್ಡ ಹಿಡೀತೇನೆ.”

“ನನ್ ಮಗ ಸತ್ ಮೇಲೆ ಏನೂ ಇಲ್ಲ ಅಂತಿದ್ದ. ಅದು ನಿಜವಾದ್ರೆ ಒಳ್ಳೇದಾಯ್ತು, ಅವ ಹಸ್ಕೊಂಡಿಲ್ಲ. ಸುಳ್ಳಾದ್ರೆ ಇಷ್ಟು ವರ್ಸದಿಂದ ಹಸ್ಕೊಂಡವ್ನೆ. ನೀನು ಓದ್ದವ್ಳು. ಎರಡ್ರಲ್ಲಿ ಯಾವ್ದು ಅಂತ ಹೇಳಬುಡು ತಾಯಿ, ನಾನು ಅನ್ನ ಉಣ್ತೀನಿ.”

ಮೇಡಂ ನನ್ನ ಕಡೆ ನೋಡಿದರು. ಅವರ ಮುಖದ ಮೇಲೆ ಅಂಥ ಅಸಹಾಯಕತೆಯನ್ನು ನಾನು ಎಂದೂ ಕಂಡಿರಲಿಲ್ಲ. ಮೊಟ್ಟೆಗಳು ಸಾಲಾಗಿ ಕೆಟ್ಟುಹೋದ ವರ್ಷದಲ್ಲೂ ಕಂಡಿರಲಿಲ್ಲ.

“ಹೇಳ್ಲಿಕ್ಕೆ ಆಗುದಿಲ್ಲ ಅಜ್ಜಿ. ಅದನ್ನು ಅಳೆಯುವ ಯಂತ್ರ ನನ್ನ ಹತ್ರ ಇಲ್ಲ.”

“ಹೋಗ್ಲಿ ಬುಡು. ನಂಗೆ ಕಥೆ ಹೇಳಾಕ್ ಬತ್ತದೆ ಅಷ್ಟೆ, ನಿಜ ಯಾವ್ದು ಅಂತ ನಂಗೂ ಗೊತ್ತಿಲ್ಲ.”

ಹೊರಡುವಾಗ ಬಾಗಿಲ ಬಳಿ ಮೇಡಂ ಮೆಲ್ಲಗೆ ಹೇಳಿದರು, “ನನ್ನ ಕಾಗೆ ಮನುಷ್ಯರ ಅನ್ನ ತಿಂದ್ರೆ ನನ್ನ ಕೆಲಸ ಸೋತ ಹಾಗೆ ಚಂಪಕಾ. ತಿನ್ನದಿದ್ರೆ ನಿನ್ನಜ್ಜಿ... ನಾನು ಏನಂತ ಬೇಡಿಕೊಳ್ಳುದು ಹೇಳು.”

*

ಗೂಡಿನ ಬಾಗಿಲು ತೆರೆದ ದಿನ ಮಂತ್ರಿಗಳು ಬಂದಿದ್ದರು, ಬ್ಯಾಂಡು ಬಂದಿತ್ತು. ಇರುವ ಜಾಗ ತೋರಿಸುವ ಸಣ್ಣ ಸೂಚಕದ ಬಳೆಯನ್ನು ಕಾಲಿಗೆ ತೊಟ್ಟ ಕಾಗೆಗಳು ಹೊರಗೆ ಹಾರಿದವು. ಜನರನ್ನು ಕಂಡು ಓಡಿಹೋಗಬೇಕಿತ್ತು. ಓಡಲಿಲ್ಲ. ಶಾಮಿಯಾನದ ಕಂಬದ ಮೇಲೆ ಕೂತವು, ಮಂತ್ರಿಗಳ ತಟ್ಟೆಯ ಬೋಂಡಾ ಎತ್ತಿಕೊಂಡವು. ಜನ ಚಪ್ಪಾಳೆ ತಟ್ಟಿದರು, ಕೆಲವರು ಅತ್ತರು. ಆಗ ನಾನು ಶಾಮಿಯಾನದ ಹಿಂದಿನಿಂದ ಹೊರಬಂದೆ.

ಒಂದು ಕಾಗೆ ಕೂಗಿತು. ಎಲ್ಲವೂ ಎದ್ದವು. ಆ ಕೂಗು ನನಗೆ ಗೊತ್ತಿತ್ತು, ಬಲೆ ಕಂಡಾಗ ಕೂಗುವ ಕೂಗು. ನನ್ನ ತಲೆಯ ಮೇಲೆ ಕಪ್ಪಗೆ ಸುತ್ತುತ್ತ, ಉಗುರಿನಿಂದ ನೆತ್ತಿ ಗೀರುತ್ತ, ಬಸ್ ಸ್ಟ್ಯಾಂಡಿನ ತನಕ ಅಟ್ಟಿಸಿಕೊಂಡು ಬಂದವು. ಮನುಷ್ಯಜಾತಿಗೆ ಹೆದರಬೇಕಾದವು ಕಲಿತದ್ದು ಇಷ್ಟೇ: ಇವಳೊಬ್ಬಳು ಕೆಟ್ಟವಳು.

ಸರದಿ ಪಟ್ಟಿಯ ಸತ್ಯ ಆ ಸಂಜೆಯೇ ಹೊರಬಿತ್ತು. ಮೇಡಂ ಯಾರನ್ನೂ ಬೈಯಲಿಲ್ಲ, ತಲೆಯ ಮೇಲೆ ಕೈಹೊತ್ತು ಕೂತರು. “ಶನಿಗೆ ಹೆದರಿ ಕಾಗೆಯನ್ನು ಕೆಡಿಸಿದಿರಲ್ಲ ಮಾರಾಯ್ರೇ. ಸೋಮವಾರದಿಂದ ಎಲ್ಲವನ್ನೂ ವಾಪಸ್ ಹಿಡೀಬೇಕು. ಮೊದಲಿಂದ ಕಲಿಸ್ಬೇಕು, ಎಲ್ಲರ ಮುಖದಿಂದ. ಮತ್ತೆ ಬಿಡ್ಲಿಕ್ಕೆ ಎರಡು ವರ್ಷ ಬೇಕು.”

ಎರಡು ವರ್ಷ ಅಜ್ಜಿಯ ಕೊಳವೆ ತೆರೆದಿರುವುದಿಲ್ಲ. ನಾನು ನಡೆದೇ ಮನೆಗೆ ಹೊರಟೆ. ಅರ್ಧ ದಾರಿಯಲ್ಲಿ ನೋಡುತ್ತೇನೆ, ತಂತಿಯಿಂದ ತಂತಿಗೆ ಹಾರುತ್ತ, ಬೈಯುತ್ತ, ಒಂದು ಕಾಗೆ ನನ್ನ ಹಿಂದೆಯೇ ಬರುತ್ತಿದೆ.

*

ನಮ್ಮ ಹಿತ್ತಿಲ ನುಗ್ಗೆ ಮರದಲ್ಲಿ ಅದು ಕೂತಿತು. ಅಜ್ಜಿ ಆ ದನಿ ಕೇಳಿ ಮಗ್ಗದ ಗುಂಡಿಯಿಂದ ಎದ್ದವಳು ಗೋಡೆ ಹಿಡಿದು ಹಿತ್ತಿಲ ಬಾಗಿಲಿಗೆ ಬಂದಳು. ಬಾಯಿಗೆ ಸೆರಗು ಒತ್ತಿಕೊಂಡು ದನಿ ಬಂದ ಕಡೆಗೇ ಮುಖ ಮಾಡಿ ನಿಂತಳು.

ಮಾರನೆಯ ದಿನ, ಶನಿವಾರ ಬೆಳಿಗ್ಗೆ, ಅವ್ವ ಅನ್ನ ಮಾಡಿದಳು, ವಡೆ ಕರಿದಳು. ಹಿತ್ತಿಲ ಗಿಡ್ಡ ಗೋಡೆಯ ಮೇಲೆ ಬಾಳೆಲೆಯ ಚೂರು ಹಾಸಿ ಎಡೆ ಇಟ್ಟೆವು. ಕಾಗೆ ಕೊಂಬೆಯಿಂದ ನನ್ನನ್ನೇ ನೋಡಿ ಕಿರುಚಿತು. ನಾನು ಒಳಗೆ ಹೋಗಿ ಕಿಟಕಿಯ ಸಂದಿಯಿಂದ ಇಣುಕಿದೆ, ಅದಕ್ಕೆ ಕಣ್ಣು ಕಂಡಿತು. ಸೆರಗು ಮುಸುಕು ಹಾಕಿ ಬಂದೆ, ನಡಿಗೆಯಿಂದಲೇ ಗುರುತಿಸಿತು. ಅನ್ನ ಆರಿ, ಒಣಗಿ, ಬಿಸಿಲಿಗೆ ಬಿರುಸಾಯಿತು. ಭಾನುವಾರವೂ ಹಾಗೇ ಅರ್ಧ ಕಳೆಯಿತು.

“ನೀನು ಒಳಗ್ ಹೋಗು ಮಗ. ಪೂರಾ ಒಳಗೆ. ನೋಡಬ್ಯಾಡ” ಎಂದಳು ಅಜ್ಜಿ.

“ಫೋನಲ್ಲಿ ವಿಡಿಯೋ ಹಚ್ಚಿಡ್ಲಾ?”

“ಉಣ್ಣೋರ ಬಾಯ್ನ ನೋಡಬಾರ್ದು ಕನವ್ವ, ದೃಷ್ಟಿ ಆಯ್ತದೆ. ನನ್ ಕಣ್ಣು ಬುಡು, ಅವು ನೋಡಿದ್ರೂ ನೋಡ್ದಂಗೇಯ.”

ನಾನು ಮಗ್ಗದ ಗುಂಡಿಯಲ್ಲಿಳಿದು ಗೋಡೆಗೆ ಮುಖ ಮಾಡಿ ಕೂತೆ. ಕಾಗೆ ತರುತ್ತೇನೆಂದು ಮಾತು ಕೊಟ್ಟವಳು ನಾನು. ತಂದದ್ದೂ ನಾನೇ, ಅದರ ಹಗೆಯಾಗಿ. ಈಗ ಅದು ಇಳಿಯಬೇಕಾದರೆ ನಾನು ಇಲ್ಲವಾಗಬೇಕಿತ್ತು. ಅಪ್ಪ ಹುಡುಗನಾಗಿದ್ದಾಗ ಕೂತು ನೇಯಲು ಕಲಿತ ಗುಂಡಿ ಅದು, ನೂಲಿನ ಗಂಜಿಯ ವಾಸನೆ ಇನ್ನೂ ಇತ್ತು. ಫೋನು ನಡುಗಿತು. ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಗ್ಲಾಡಿಸ್ ಮೇಡಂ.

“ಚಂಪಕಾ, ಒಂದು ಚುಕ್ಕಿ ನಿಮ್ಮ ಮನೆಯಲ್ಲೇ ಉಂಟು.”

“ಮರದಲ್ಲಾ ಮೇಡಂ, ಎಲೆ ಮೇಲಾ?” ಪಿಸುಗುಟ್ಟಿದೆ.

“ಅದು ಗೊತ್ತಾಗುದಿಲ್ಲ ಮಗಾ. ಹತ್ತು ಮೀಟರ್ ಆಚೀಚೆ ನನ್ನ ಯಂತ್ರಕ್ಕೆ ಎಲ್ಲ ಒಂದೇ.” ನಿಲ್ಲಿಸಲು ಹೇಳುತ್ತಾರೇನೋ ಎಂದುಕೊಂಡೆ. ಅವರು ಫೋನು ಇಡಲೂ ಇಲ್ಲ, ಏನೂ ಹೇಳಲೂ ಇಲ್ಲ. ಉಸಿರು ಮಾತ್ರ ಕೇಳುತ್ತಿತ್ತು.

ಹಿತ್ತಿಲಿಂದ ಅಜ್ಜಿಯ ದನಿ ಬಂತು. “ಕಾ... ಕಾ... ಬಾರಪ್ಪ ರಾಮಲಿಂಗು. ಸುಗುಣನ್ನ ಮಗಳಂಗ್ ನೋಡ್ಕೊತೀನಿ.” ಅಲ್ಲೇ ನಿಂತಿದ್ದ ಅವ್ವ ಮೂಗು ಏರಿಸಿದ ಸದ್ದು. “ಚಂಪಿನ ಅವಳಿಷ್ಟ ಬಂದಂಗ್ ಬುಡ್ತೀನಿ. ಮದ್ವೆ ಗಿದ್ವೆ ಅಂತ ಕಾಟ ಕೊಡಲ್ಲ.” ಕೊಂಬೆಯಲ್ಲಿ ರೆಕ್ಕೆ ಕೊಡವಿದಂತಾಯಿತು, ಮತ್ತೆ ಏನೂ ಇಲ್ಲ. ತಿರುಗಿ ನೋಡಿದರೆ ಎಲ್ಲ ಹಾಳು. ನೋಡದಿದ್ದರೆ ನಾನು ಓದಿದ್ದಕ್ಕೆಲ್ಲ ಏನು ಅರ್ಥ?

ಬಹಳ ಹೊತ್ತಿನ ಮೇಲೆ ಅಜ್ಜಿ ಮತ್ತೆ ಮಾತಾಡಿದಳು. ದನಿ ಸಣ್ಣಗಾಗಿತ್ತು.

“ಬರಲ್ಲ ಅಂದಿದ್ದೆಯಲ್ಲ ಕಂದ. ಸರಿ. ನೀನಂದಿದ್ದೇ ನಿಜ ಇರ್ಲಿ. ನೀನು ಎಲ್ಲೂ ಇಲ್ಲ, ಹಸ್ಕೊಂಡೂ ಇಲ್ಲ. ನಾನು ಒಪ್ಕೊಂಡೆ.” ಅವಳು ಮೂಗೊರೆಸಿಕೊಂಡಳು. “ಇದು ನಿಂಗಲ್ಲ ಕಂದ. ಕೇಳ್ತಾ ಕಾಗೆವ್ವ? ಇದು ನಿಂಗೇಯ. ತಾಯಿ ಇಲ್ದೆ ಹುಟ್ಟಿದ್ದೀಯೆ. ಹೊಟ್ಟೆ ಹಸಿದಿದ್ರೆ ತಿನ್ನು, ಇಲ್ದಿದ್ರೆ ಹೋಗವ್ವ, ನಿಂಗೂ ಕೆಲ್ಸ ಇರ್ತದೆ.”

ಗೋಡೆಯ ಸುಣ್ಣದಲ್ಲಿ ಒಂದು ಬಿರುಕು ಮೇಲಿಂದ ಕೆಳಗೆ ಹರಿದಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಯಾವುದೋ ಸದ್ದಾಯಿತು. ರೆಕ್ಕೆಯಿರಬಹುದು, ಗಾಳಿಗೆ ಬಾಳೆಲೆ ಮಗುಚಿರಬಹುದು, ಅವ್ವನ ಸೆರಗೂ ಇರಬಹುದು.

“ಮುಟ್ತು” ಎಂದಳು ಅಜ್ಜಿ.

ಫೋನಿನಲ್ಲಿ ಮೇಡಂ, “ಏನಾಯ್ತು? ಚಂಪಕಾ, ಏನಾಯ್ತು?” ಎನ್ನುತ್ತಿದ್ದರು. ನಾನು ತಿರುಗಲಿಲ್ಲ.

“ಮುಟ್ತಂತೆ ಮೇಡಂ” ಎಂದೆ.

ಗೋಡೆ ತಡವುತ್ತ ಅಜ್ಜಿ ಒಳಗೆ ಬಂದಳು. ಅವಳ ಕೈ ನನ್ನ ತಲೆಯನ್ನು ಹುಡುಕಿ, ಕಾಗೆ ಗೀರಿದ ಜಾಗದ ಮೇಲೆ ನಿಂತಿತು. ನಿಜವಾಗಿ ಕಂಡೆಯಾ ಅಜ್ಜಿ ಎಂದು ಕೇಳಲು ಬಾಯಿ ತೆರೆದೆ. ಅವಳು ಆಗಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ತಟ್ಟೆಯಿರುವ ಜಾಗವನ್ನು ಅಂಗೈಯಿಂದ ಸವರುತ್ತಿದ್ದಳು.

“ಎದ್ದೇಳು ಮತ್ತೆ. ಅನ್ನ ಇಕ್ಕು.”

ಇಕ್ಕಿದೆ. ಅವಳು ಉಂಡಳು.